ಅತ್ತೆಯ ಹಾಡಿಗೆ ಒಂದು ಸಿಡಿ

ಏನನ್ನಾದರೂ ತುಂಬುವ ಮೊದಲು ಜಾಗ ಎಷ್ಟಿದೆ ಎಂದು ನೋಡುವುದು ನನ್ನ ಸ್ವಭಾವ. ಊರಿಗೆ ಹೊರಟರೆ ಸೀರೆ ಆರಿಸುವುದಕ್ಕೆ ಮೊದಲು ಬ್ಯಾಗಿನ ಹೊಟ್ಟೆ ನೋಡುತ್ತೇನೆ. ಜಹೀರಾಬಾದಿನ ಬಸ್ಸು ಬಂದು ನಿಂತರೆ ಎಲ್ಲರೂ ಬಾಗಿಲಿಗೆ ನುಗ್ಗುವಾಗ ನಾನು ಕಿಟಕಿಗಳಲ್ಲಿ ಇಣುಕುತ್ತ ಕೆಳಗೇ ಉಳಿಯುತ್ತೇನೆ. ಅಷ್ಟರಲ್ಲಿ ಇದ್ದ ಜಾಗವೂ ಹೋಗಿರುತ್ತದೆ. ಮನೆಯವರಿಗೆ ಇದು ನಗೆಯ ವಿಷಯ, ನನಗೆ ಹೆಮ್ಮೆಯದು.

ತೆಲಂಗಾಣದ ಗಡಿಯೂರು ನಾರಾಯಣಖೇಡದ ಒಂದು ಶಾಲೆಯಲ್ಲಿ ನಾನು ಕಂಪ್ಯೂಟರ್ ಕಲಿಸುತ್ತೇನೆ. ಸಿಡಿಗಳ ಕಾಲದಲ್ಲಿ "ಮೊದಲು ಜಾಗ ನೋಡಿ, ಆಮೇಲೆ ಬಟನ್ ಒತ್ತಿ" ಎಂದು ತೆಲುಗು, ಕನ್ನಡ, ಉರ್ದು ಮೂರರಲ್ಲೂ ಹೇಳಿ, ಯಾವ ಭಾಷೆಯಲ್ಲೂ ಯಾರೂ ಕೇಳಿಸಿಕೊಂಡಿಲ್ಲ ಎಂದು ತಿಳಿದು ಸುಮ್ಮನಾಗುತ್ತಿದ್ದೆ. ತಪ್ಪು ಮಕ್ಕಳದಲ್ಲ. ಓಲೆಗರಿಯ ಮೇಲೆ ಬರೆಯುತ್ತಿದ್ದವರಿಗೆ ಗರಿ ಮುಗಿಯುವುದು ಕಾಣುತ್ತಿತ್ತು. ಕಾಗದಕ್ಕೂ ಅಂಚಿದೆ. ಸಿಡಿಯನ್ನು ಎಷ್ಟು ತಿರುಗಿಸಿ ನೋಡಿದರೂ ಕಾಣುವುದು ನಮ್ಮ ಮುಖವೇ. ಅದರಲ್ಲಿ ಎಷ್ಟು ಹಿಡಿಯುತ್ತದೆ ಎಂಬುದನ್ನು ಕೇಳಿಯೇ ತಿಳಿಯಬೇಕು. ಕೇಳದೆ ಬರೆದರೆ ಅರ್ಧಕ್ಕೆ ನಿಂತುಹೋಗುತ್ತದೆ, ಮತ್ತೆ ಅಳಿಸಲು ಬಾರದು.

ಈ ಸ್ವಭಾವ ನಿಜವಾಗಿ ಉಪಯೋಗಕ್ಕೆ ಬಂದದ್ದು ನನ್ನ ನಾದಿನಿ ಕಮಲಳ ಮಗಳ ಮದುವೆಯಲ್ಲಿ. ಕಮಲಳನ್ನು ಕೊಟ್ಟಿರುವುದು ತಾಂಡೂರಿಗೆ, ಮದುವೆಯೂ ಅಲ್ಲೇ. ಅದಕ್ಕೆ ಸ್ವಲ್ಪ ಮೊದಲು ನಮ್ಮ ಅತ್ತೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಅತ್ತೆಯ ತವರು ಝರಾಸಂಗಂ. ಅಲ್ಲಿಂದ ಬರುವಾಗ ತಂದ ಸೋಬಾನದ ಹಾಡುಗಳನ್ನು ಅವರು ನಮ್ಮ ಬಳಗದ ಪ್ರತಿ ಮದುವೆಯಲ್ಲೂ ಹಾಡಿದ್ದಾರೆ. ಅರಿಶಿಣಕ್ಕೊಂದು, ಸುರಗಿಯ ನೀರು ಹಾಕುವುದಕ್ಕೊಂದು, ಉಡಿ ತುಂಬುವುದಕ್ಕೊಂದು. ಅತ್ತೆ ದನಿ ತೆಗೆಯುವ ತನಕ ನಮ್ಮಲ್ಲಿ ಯಾರೂ ಅರಿಶಿಣದ ಬಟ್ಟಲಿಗೆ ಕೈ ಹಾಕಿದವರಲ್ಲ. ಈಗ ಸ್ವಂತ ಮೊಮ್ಮಗಳ ಮದುವೆಗೆ ಬಸ್ಸು ಹತ್ತುವಂತಿಲ್ಲ ಎಂದು ಡಾಕ್ಟರು ಹೇಳಿಬಿಟ್ಟರು.

ಅತ್ತೆ ಒಂದು ದಿನ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಮರುದಿನ ನನ್ನನ್ನು ಕರೆದರು.

"ನಾ ಹೋಗಲಿಲ್ಲಂದ್ರ ನಡೀತದ. ನನ್ನ ಹಾಡ ಹೋಗಬೇಕು. ನಿನ್ನ ಮಷಿನ್ದಾಗ ತುಂಬಿ ಕಳಸು."

ನನ್ನ ಯಜಮಾನರು ತಾಂಡೂರಿಗೆ ಫೋನ್ ಮಾಡಿದರು. ಮದುವೆ ಮನೆಗೆ ಗೊತ್ತು ಮಾಡಿದ್ದ ಮೈಕಿನವನದು ಹಳೆಯ ಸೆಟ್ಟು, ಸಿಡಿ ಬಿಟ್ಟು ಬೇರೇನೂ ಹಾಕುವಂತಿರಲಿಲ್ಲ. ಅಷ್ಟರಲ್ಲಾಗಲೇ ಸಿಡಿಗಳ ಕಾಲ ಮುಗಿದು, ಅಂಗಡಿಗಳಲ್ಲಿ ಸಿಡಿ ಕೇಳಿದರೆ ನಮ್ಮನ್ನು ಮೇಲಿನಿಂದ ಕೆಳಗಿನವರೆಗೆ ನೋಡುತ್ತಿದ್ದರು. ಶಾಲೆಯ ಕಪಾಟಿನಲ್ಲಿ ಬರೆಯದೆ ಉಳಿದದ್ದು ಒಂದೇ ಒಂದು ಸಿಕ್ಕಿತು.

ಮಧ್ಯಾಹ್ನ ಕಿಟಕಿ ಮುಚ್ಚಿ, ಮೊಬೈಲನ್ನು ದಿಂಬಿನ ಪಕ್ಕ ಇಟ್ಟು ಹಾಡಿಸಿದೆ. ಮಲಗಿದಲ್ಲಿಂದಲೇ ಹಾಡಿದರು. ನೋವಿಗೆ ನಡುನಡುವೆ ಉಸಿರು ಸಿಕ್ಕಿಕೊಳ್ಳುತ್ತಿತ್ತು, ಆದರೆ ದನಿ ಅಲುಗಲಿಲ್ಲ. ಪ್ರತಿ ಸಾಲಿನ ಕೊನೆಗೆ ಮಾತ್ರ ಸುಮ್ಮನಾಗಿ, ಬೆರಳಲ್ಲಿ ಹಾಸಿಗೆಯ ಮೇಲೆ ತಾಳ ಹಾಕಿ, ಆಮೇಲೆ ಮುಂದಿನ ಸಾಲು ಎತ್ತುತ್ತಿದ್ದರು. ದಣಿವಾರಿಸಿಕೊಳ್ಳುತ್ತಿದ್ದಾರೆ ಎಂದುಕೊಂಡೆ.

ಹಾಡುಗಳನ್ನೆಲ್ಲ ಲ್ಯಾಪ್‌ಟಾಪಿಗೆ ಹಾಕಿ, ಸಿಡಿ ಒಳಗಿಟ್ಟು, ಎಂದಿನಂತೆ ಜಾಗ ನೋಡಿದೆ. ಪರದೆಯ ಕೆಳಗಿನ ಪಟ್ಟಿ ಕೆಂಪಾಗಿ ನಿಂತಿತ್ತು. ಹಾಡುಗಳೇ ಹೆಚ್ಚು, ಸಿಡಿಯೇ ಚಿಕ್ಕದು. ನೋಡದೆ ಬಟನ್ ಒತ್ತಿದ್ದರೆ ಇದ್ದ ಒಂದು ಸಿಡಿಯೂ ಹಾಳಾಗುತ್ತಿತ್ತು ಎಂದು ಒಂದು ಗಳಿಗೆ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಆಮೇಲೆ ಅತ್ತೆಯ ಮಂಚದ ಹತ್ತಿರ ಹೋದೆ.

"ಅತ್ತಿ, ಎಲ್ಲಾ ಹಿಡಿಯಂಗಿಲ್ರಿ. ನೀವು ನಡಕ ಸುಮ್ಮ ಆಗೀರಲ್ಲ, ಆ ಖಾಲಿ ಜಾಗಾ ಎಲ್ಲಾ ತೆಗದ ಬಿಡ್ತೀನಿ. ಆಗ ಬರಾಬರ್ ಕೂಡ್ತದ."

ಅತ್ತೆ ದಿಂಬಿನಿಂದ ತಲೆ ಎತ್ತಿದರು. "ಅದು ಖಾಲಿ ಎಲ್ಲಿ ಅದ? ನಾ ಒಂದ ಸಾಲ ಅಂತೀನಿ, ಕುಂತ ಹೆಣ್ಮಕ್ಕಳು ತಿರಗಿ ಅಂತಾರ. ಅದು ಅವರ ಜಾಗಾ. ಅದನ್ನ ತೆಗದ್ರ ಅವ್ರು ಎಲ್ಲಿ ಹಾಡಬೇಕು?"

ನಾನು ಸೊಸೆಯಾಗಿ ಬಂದಾಗಿನಿಂದ ಆ ಹಾಡುಗಳನ್ನು ಕೇಳುತ್ತಿದ್ದೇನೆ. ಆದರೆ ಆ ಹೊತ್ತಿಗೆ ನಾನು ಯಾವಾಗಲೂ ಅಡಿಗೆಯ ಕಡೆ ಇರುತ್ತಿದ್ದೆ, ಯಾವುದು ಅತ್ತೆಯ ಸಾಲು, ಯಾವುದು ಉಳಿದವರದು ಎಂದು ಅಲ್ಲಿಗೆ ತಿಳಿಯುತ್ತಿರಲಿಲ್ಲ. ದನಿ ಸರಿಯಿಲ್ಲ ಎಂಬ ನಾಚಿಕೆಗೆ ಅಡಿಗೆಮನೆ ಒಳ್ಳೆಯ ಮರೆ.

"ಹಂಗಾದ್ರ ಒಂದೆರಡ ಹಾಡ ಬಿಡಬೇಕಾಗ್ತದ್ರಿ" ಎಂದೆ.

ಅತ್ತೆ ಕಣ್ಣು ಮುಚ್ಚಿ ಯೋಚಿಸಿದರು. "ಬೀಗರನ್ನ ಆಡಿಕೊಳ್ಳೋ ಹಾಡ ಬಿಡು. ಮಷಿನ್ ಬೈದ್ರ ಬೀಗರು ಸಿಟ್ಟ ಯಾರ ಮ್ಯಾಲ ಮಾಡಬೇಕು? ಅದನ್ನ ಎದುರಿಗಿ ಕುಂತ, ಮಾರಿ ನೋಡಿ ಹಾಡಬೇಕು."

ಅದು ಅವರಿಗೆ ಎಲ್ಲಕ್ಕಿಂತ ಪ್ರೀತಿಯ ಹಾಡು, ಎಲ್ಲಕ್ಕಿಂತ ಉದ್ದದ್ದೂ ಹೌದು. ತೆಗೆದೆ. ಪಟ್ಟಿಯ ಕೆಂಪು ಹೋಯಿತು. ಸಿಡಿ ತಿರುಗುವಷ್ಟು ಹೊತ್ತೂ ಅತ್ತೆ ಆ ಗುಂಯ್‌ಗುಡುವ ಸದ್ದನ್ನೇ ಕೇಳುತ್ತ ಮಲಗಿದ್ದರು. ಯಜಮಾನರು ಅದನ್ನು ಅಂಗಿಯ ಒಳಗಿಟ್ಟುಕೊಂಡು ತಾಂಡೂರಿಗೆ ಹೊರಟರು. ಅತ್ತೆಯ ಜೊತೆಗೆ ನಾನು ಉಳಿದೆ.

ಅರಿಶಿಣದ ದಿನ ಬೆಳಿಗ್ಗೆಯೇ ಅತ್ತೆ ತಲೆ ಬಾಚಿಸಿಕೊಂಡು, ಜರಿಸೀರೆಯನ್ನು ಹೊದಿಕೆಯ ಮೇಲೆ ಹರಡಿಸಿಕೊಂಡರು. ಯಜಮಾನರು ಅಲ್ಲಿಂದ ಫೋನ್ ಹಚ್ಚಿ ಮೈಕಿನ ಹತ್ತಿರ ಹಿಡಿದರು. ಮೊದಲು ಗದ್ದಲ, ಪಾತ್ರೆಗಳ ಸದ್ದು, ತೆಲುಗಿನಲ್ಲಿ ಯಾರೋ ಯಾರನ್ನೋ ಕೂಗುವುದು. ಆಮೇಲೆ ಅತ್ತೆಯ ದನಿ ಎದ್ದಿತು. ಒಂದು ಸಾಲು. ನಿಂತಿತು.

ಯಾರೂ ತಿರುಗಿ ಹಾಡಲಿಲ್ಲ.

ಎರಡನೆಯ ಸಾಲು. ಮತ್ತೆ ಮೌನ. ಅತ್ತೆ ನನ್ನ ಮಣಿಕಟ್ಟು ಹಿಡಿದರು. ಆ ಮೌನವನ್ನು ತೆಗೆದುಬಿಟ್ಟಿದ್ದರೇ ಚೆನ್ನಾಗಿತ್ತೇನೋ ಎಂದು ನನಗೂ ಅನಿಸಿತು.

ಮೂರನೆಯ ಸಾಲು ಮುಗಿದಾಗ ಒಂದು ಒಂಟಿ ದನಿ ಬಂತು. ಅಳುತ್ತಿತ್ತೋ ನಗುತ್ತಿತ್ತೋ ತಿಳಿಯದ ದನಿ.

"ನಮ್ಮ ಕಮಲಿ!" ಎಂದರು ಅತ್ತೆ. "ಕೇಳಿದಿ? ನನ್ನ ಮಗಳು!"

ನಾಲ್ಕನೆಯ ಸಾಲಿಗೆ ನಾಲ್ಕೈದು ದನಿ ಸೇರಿದವು. ಆಮೇಲೆ ಎಣಿಸಲಾಗಲಿಲ್ಲ. ಗಂಡಿನ ಕಡೆಯವರು ತೆಲುಗಿನವರು. ಕನ್ನಡದ ಮಾತುಗಳನ್ನು ತಮಗೆ ಬಂದಂತೆ ತಿರುಗಿಸಿ, ರಾಗವನ್ನು ಮಾತ್ರ ತಪ್ಪದೆ ಹಿಡಿದು ಹಾಡುತ್ತಿದ್ದರು. ಅತ್ತೆ ಇಲ್ಲಿ ಮಂಚದ ಮೇಲೆ, ಅಲ್ಲಿ ಮೈಕಿನಲ್ಲಿ, ಎರಡೂ ಕಡೆ ಇದ್ದರು. ಗದ್ದ ಎತ್ತಿ, ಬಳಗವೆಲ್ಲ ಎದುರಿಗೆ ಕೂತಿದೆಯೇನೋ ಎಂಬಂತೆ ಕೋಣೆಯನ್ನು ಒಮ್ಮೆ ನೋಡಿದರು. ಕೋಣೆಯಲ್ಲಿದ್ದವಳು ನಾನೊಬ್ಬಳೇ.

"ನೀ ಯಾಕ ಸುಮ್ಮ ಕುಂತಿ? ನೀ ಈ ಮನಿ ಸೊಸಿ ಅಲ್ಲೇನ? ಹಾಡು."

ಮರೆಗೆ ಹೋಗಲು ಅಡಿಗೆಯ ಕೆಲಸವೇನೂ ಇರಲಿಲ್ಲ. ಹಾಡಿದೆ. ಶ್ರುತಿ ಒಂದು ಕಡೆ, ನಾನು ಒಂದು ಕಡೆ. ಅತ್ತೆ ಮುಖ ಸಿಂಡರಿಸಲಿಲ್ಲ. ಹಾಸಿಗೆಯ ಮೇಲೆ ಬೆರಳಿನ ತಾಳವನ್ನು ಸ್ವಲ್ಪ ನಿಧಾನ ಮಾಡಿದರು, ಅಷ್ಟೇ, ನಾನು ಬಂದು ಕೂಡಿಕೊಳ್ಳಲಿ ಎಂದು.