ಕಿಟಕಿಗೆ ಅಂಟಿದ ಕೋಳಿ

ತೇಪೆ ಅಕ್ಕನಿಗೆ ಆ ಹೆಸರು ಬಂದದ್ದು ಗಂಡನ ಅಂಗಿಗಳಿಂದ. ಗಂಡ ವೆಲ್ಡರ್. ಕಿಡಿ ಹಾರದ ದಿನವಿಲ್ಲ, ತೂತಾಗದ ಅಂಗಿಯಿಲ್ಲ. ಮದುವೆಯಾದ ಹೊಸದರಲ್ಲಿ ಅವಳು ಆ ತೂತುಗಳ ಮೇಲೆ ಬರೀ ಬಟ್ಟೆಚೂರು ಹೊಲಿಯುತ್ತಿದ್ದಳು. ನಾಲ್ಕು ಜನರ ಮುಂದೆ ಇದನ್ನು ಹಾಕಿಕೊಂಡು ನಿಲ್ಲುವುದು ಹೇಗೆ ಎಂದು ಅವನು ಗೊಣಗಿದ. ಕಿಡಿಗೇ ಬುದ್ಧಿ ಹೇಳಿ, ಬೇರೆ ಕಡೆ ಹಾರಲಿ ಎಂದು ಅವಳೂ ಬಿಡಲಿಲ್ಲ. ಆದರೂ ಮರುದಿನ ತೇಪೆಯ ಮೇಲೊಂದು ಕೆಂಪು ಮೀನು ಬರೆದು ಹೊಲಿದಳು. ಆ ಸಂಜೆ ಗಂಡ ಜೊತೆಗಾರರ ಹರಿದ ಅಂಗಿಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಬಂದ. ಎಲ್ಲರಿಗೂ ಮೀನೇ ಬೇಕಂತೆ.

ಒಂದೊಂದನ್ನೂ ಕೈಯಲ್ಲಿ ಬರೆಯುತ್ತ ಕೂತರೆ ಅನ್ನ ಮಾಡುವವರು ಯಾರು? ಅವಳು ರಟ್ಟಿನಲ್ಲಿ ಮೀನಿನಾಕಾರದ ತೂತು ಕೊರೆದು ಅಚ್ಚು ಮಾಡಿಕೊಂಡಳು. ರಟ್ಟು ಬಣ್ಣ ಕುಡಿದು ಮೆತ್ತಗಾಗುತ್ತಿತ್ತು, ಮೀನಿಗೆ ಮೀಸೆ ಬರುತ್ತಿತ್ತು. ಕೊನೆಗೆ ಕೈಗೆ ಹತ್ತಿದ್ದು ಎಕ್ಸ್‌ರೇ ಹಾಳೆ. ನೀರಿಗೆ ಜಗ್ಗುವುದಿಲ್ಲ, ಬ್ಲೇಡಿಗೆ ಬೆಣ್ಣೆ, ಒಣಗಿದ ಬಣ್ಣ ಸಿಪ್ಪೆಯ ಹಾಗೆ ಎದ್ದು ಬರುತ್ತದೆ. ಬೀದಿಯಲ್ಲಿ ಯಾರ ಮೂಳೆ ಮುರಿದರೂ ವಾಸಿಯಾದ ಮೇಲೆ ಆ ಹಾಳೆ ಅವಳ ಮನೆಗೇ ಬರುತ್ತಿತ್ತು. ಯಾರದೋ ಮೊಣಕಾಲಿನಲ್ಲಿ ದೋಣಿ, ಯಾರದೋ ಸೊಂಟದಲ್ಲಿ ಸೈಕಲ್ಲು. ನೋವು ಮುಗಿದ ಹಾಳೆಯನ್ನು ಕತ್ತರಿಸುವುದೆಂದರೆ ಅವಳಿಗೆ ಒಂದು ಬಗೆಯ ಸಂತೋಷ.

ಎಲ್ಲಕ್ಕಿಂತ ಹೆಚ್ಚು ಬೇಡಿಕೆ ಇದ್ದದ್ದು ದಪ್ಪ ಹೊಟ್ಟೆಯ ಕೋಳಿಗೆ. ಕೊರೆದಾಗ ಒಳಗಿನಿಂದ ಬಿದ್ದ ಕೋಳಿಯಾಕಾರದ ತುಂಡನ್ನೂ ಅವಳು ಎಸೆಯುತ್ತಿರಲಿಲ್ಲ. ಅದನ್ನು ಬಟ್ಟೆಯ ಮೇಲಿಟ್ಟು ಸುತ್ತಲೂ ಸ್ಪಂಜಿನಲ್ಲಿ ಬಣ್ಣ ತಟ್ಟಿದರೆ ನಡುವೆ ಬಿಳಿ ಕೋಳಿ ಉಳಿಯುತ್ತದೆ. ಕೆಲಸ ಮುಗಿದ ಮೇಲೆ ತೊಳೆದು ಒದ್ದೆಯಲ್ಲೇ ಅಡುಗೆಮನೆಯ ಕಿಟಕಿ ಗಾಜಿಗೆ ಅಂಟಿಸಿಬಿಡುವಳು. ಮನೆಯಲ್ಲೇ ಇರುವ ನಾದಿನಿಗೆ ಇದು ಕಣ್ಣಿಗೆ ಕಸ. ಬೆಳಕು ಬರಲಿ ಅಂತ ಕಿಟಕಿ ಇಡಿಸಿದ್ದು, ಕೋಳಿ ಸಾಕಲಿಕ್ಕಲ್ಲ ಎಂದು ದಿನಾ ಒಮ್ಮೆಯಾದರೂ ಅನ್ನದೆ ಅವಳಿಗೆ ಊಟ ಸೇರುತ್ತಿರಲಿಲ್ಲ.

ಹೀಗಿರುವಾಗ ಗಂಡನಿಗೆ ಕೆಮ್ಮು ಹಿಡಿಯಿತು. ಕಷಾಯಕ್ಕೂ ಬಗ್ಗಲಿಲ್ಲ, ಮಾತ್ರೆಗೂ ಬಗ್ಗಲಿಲ್ಲ. ಆಸ್ಪತ್ರೆಯಲ್ಲಿ ಎದೆಯ ಎಕ್ಸ್‌ರೇ ತೆಗೆಸಿದರು. ಡಾಕ್ಟರಮ್ಮ ಅದನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿ ಬಲಗಡೆ ಒಂದು ಬಿಳಿ ಚುಕ್ಕೆ ತೋರಿಸಿದರು.

"ಇದು ಹಳೇದಾಗಿದ್ರೆ ಹೆದರೋದು ಬೇಡ. ಹೊಸದಾಗಿದ್ರೆ ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆ ಮಾಡ್ಬೇಕು. ಮುಂಚೆ ಯಾವಾಗ್ಲಾದ್ರೂ ಎದೆ ಫೋಟೋ ತೆಗೆಸಿದ್ರಾ?"

ತೆಗೆಸಿದ್ದೆವು, ಆ ದೊಡ್ಡ ಜ್ವರ ಬಂದಾಗ, ಪೆಟ್ಟಿಗೆಯಲ್ಲಿ ಇದೆ ಎಂದು ಗಂಡ ಮುಖ ಅರಳಿಸಿ ಹೇಳಿದ. ಜ್ವರ ಬಿಟ್ಟು ಅವನು ಮೊದಲ ಸಲ ಎದ್ದು ಕೂತು ಊಟ ಮಾಡಿದ ದಿನ, ಇನ್ನು ಇದರ ಮುಖ ನೋಡುವುದೇ ಬೇಡ ಎಂದು ತೇಪೆ ಅಕ್ಕ ಆ ಹಾಳೆಗೆ ಬ್ಲೇಡು ಹಾಕಿದ್ದಳು. ದಾರಿಯುದ್ದಕ್ಕೂ ಗಂಡ ಅಪರೂಪಕ್ಕೆ ಗೆಲುವಾಗಿ ಮಾತಾಡುತ್ತಿದ್ದ, ಅದನ್ನು ಕೇಳುವುದು ಅವಳಿಗೆ ಇನ್ನೂ ಕಷ್ಟವಾಯಿತು. ಮನೆಗೆ ಬಂದು ಅವನು ಪೆಟ್ಟಿಗೆಯ ಮುಚ್ಚಳ ಎತ್ತಿದಾಗ ಹೇಳದೆ ವಿಧಿ ಇರಲಿಲ್ಲ.

"ಅದು ಅಲ್ಲಿಲ್ಲ ರೀ. ಕೋಳಿ ಮಾಡಿಬಿಟ್ಟೆ."

ಗಂಡ ಪೆಟ್ಟಿಗೆಯ ಮುಂದೆ ಹಾಗೇ ಕುಕ್ಕರಿಸಿ ಕೂತ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಬೈಯಲಿಲ್ಲ. ನಾದಿನಿ ಆ ಕೊರತೆಯನ್ನು ತುಂಬಿಕೊಟ್ಟಳು: ಊರಲ್ಲಿ ಇಷ್ಟು ಮೂಳೆ ಬಿದ್ದಿರುವಾಗ ಅಣ್ಣನ ಎದೆಯೇ ಬೇಕಿತ್ತಾ ಎಂದು.

ಅಚ್ಚಿನ ಕಟ್ಟಿನಲ್ಲಿ ಹೊರಗಿನ ಹಾಳೆ ಸಿಕ್ಕಿತು. ಮೂಲೆಯಲ್ಲಿ ಅವನ ಹೆಸರು ನೆಟ್ಟಗಿತ್ತು, ಎರಡು ಭುಜ ಇದ್ದವು. ನೋಡಬೇಕಾದ ಜಾಗದಲ್ಲಿ ಕೋಳಿಯಾಕಾರದ ದೊಡ್ಡ ತೂತು. ಅದರ ಒಳತುಂಡನ್ನು ಹುಡುಕುತ್ತ ಅವಳು ಅಡುಗೆಮನೆಗೆ ಓಡಿದಳು. ಕಿಟಕಿಯಲ್ಲಿ ಮೀನು, ಎಲೆ, ದೋಣಿಗಳ ನಡುವೆ ಕೋಳಿ ಇತ್ತು, ಹಿಂದಿನಿಂದ ಮಧ್ಯಾಹ್ನದ ಬಿಸಿಲು. ಕೀಳಲು ಹೋದವಳು ಅಭ್ಯಾಸಬಲದಿಂದ ಕೋಳಿಯ ಹೊಟ್ಟೆಯನ್ನು ಉಗುರಿನಿಂದ ಕೆರೆದಳು. ಅಲ್ಲೊಂದು ಬಿಳಿ ಚುಕ್ಕೆ ಇತ್ತು. ಬಣ್ಣದ ಹನಿ ಎಂದುಕೊಂಡು ತೊಳೆದಾಗಲೆಲ್ಲ ಕೆರೆದಿದ್ದಳು, ಸೋಪು ಹಾಕಿ ಉಜ್ಜಿದ್ದಳು, ಇಂಥ ಹಟಮಾರಿ ಬಣ್ಣ ಕಂಡಿಲ್ಲ ಎಂದು ಶಪಿಸಿದ್ದಳು. ಒಮ್ಮೆಯೂ ಹೋಗಿರಲಿಲ್ಲ.

ಅವಳ ಉಗುರು ಅಲ್ಲೇ ನಿಂತಿತು. ಅದು ಬಣ್ಣವಾಗಿದ್ದರೆ ಎಂದೋ ಹೋಗಬೇಕಿತ್ತು.

"ರೀ, ಬನ್ನಿ ಇಲ್ಲಿ," ಎಂದಳು.

ಗಂಡ ಬಂದ, ನಾದಿನಿಯೂ ಬಂದಳು. ಮೂವರೂ ಕೋಳಿಯ ಹೊಟ್ಟೆ ನೋಡಿದರು.

ಮರುದಿನ ಡಾಕ್ಟರಮ್ಮ ದೀಪದ ಪೆಟ್ಟಿಗೆಯ ಮೇಲೆ ಹಾಳೆಯನ್ನಿಟ್ಟು ಕೋಳಿಯನ್ನು ಅದರ ತೂತಿನಲ್ಲಿ ಕೂರಿಸಿದರು. ಮೊದಲು ನಕ್ಕರು, ಆಮೇಲೆ ನಗು ನಿಲ್ಲಿಸಿ ಹೊಸದನ್ನು ಪಕ್ಕಕ್ಕೆ ಸಿಕ್ಕಿಸಿದರು. ಅಳತೆಪಟ್ಟಿ ಹಿಡಿದು ಇದನ್ನು ನೋಡಿದರು, ಅದನ್ನು ನೋಡಿದರು. ತೇಪೆ ಅಕ್ಕ ಸೆರಗಿನ ತುದಿಯನ್ನು ಹಿಂಡಿ ಹಿಪ್ಪೆ ಮಾಡಿದಳು.

"ಅದೇ ಜಾಗ, ಅಷ್ಟೇ ಗಾತ್ರ. ಆ ಜ್ವರ ಬಿಟ್ಟುಹೋದ ಕಲೆ ಇದು. ಸೂಜಿಗೀಜಿ ಏನೂ ಬೇಡ. ಕೆಮ್ಮು ಹೊಗೆಯಿಂದ ಬಂದಿರೋದು, ಅದಕ್ಕೆ ಔಷಧಿ ಕೊಡ್ತೀನಿ. ಕೆಲಸ ಮಾಡುವಾಗ ಮೂಗಿಗೆ ಮಾಸ್ಕ್ ಹಾಕ್ಕೊಳ್ಳಿ."

ಹೋದ ಜೀವ ಬಂದಂತಾಗಿ ತೇಪೆ ಅಕ್ಕ ಅಲ್ಲೇ ಅತ್ತುಬಿಟ್ಟಳು. ಗಂಡ ಅವಳ ಬೆನ್ನು ತಟ್ಟಿದ, ಡಾಕ್ಟರಮ್ಮನ ಎದುರೇ.

ಕೋಳಿ ಮತ್ತೆ ಕಿಟಕಿಗೆ ಹೋಯಿತು. ಅಂಟಿಸಿದವಳು ನಾದಿನಿ, ಅದೂ ಎಲ್ಲಕ್ಕಿಂತ ಮೇಲಿನ ಗಾಜಿಗೆ. ಬೆಳಕಿನ ಮಾತು ಆ ದಿನ ಅವಳ ಬಾಯಿಂದ ಬರಲಿಲ್ಲ. ಕೋಳಿ ಮಕ್ಕಳಿಗೆ ಸರಿ, ತನಗೆ ಮೀನೇ ಇರಲಿ ಎನ್ನುತ್ತಿದ್ದ ವೆಲ್ಡರ್ ಸಂಜೆ ಹೊಸದಾಗಿ ತೂತುಬಿದ್ದ ಅಂಗಿ ತಂದು ಹೆಂಡತಿಯ ಮಡಿಲಿಗೆ ಹಾಕಿದ. ತೂತು ಇದ್ದದ್ದು ತೋಳಿನಲ್ಲಿ. ಅವನು ಬೆರಳಿಟ್ಟು ತೋರಿಸಿದ್ದು ಬಲಗಡೆಯ ಎದೆಯನ್ನು.

"ಇಲ್ಲಿಗೆ ಕೋಳಿ ಹಾಕು. ಚುಕ್ಕೆ ಮರೀಬೇಡ."