ಗೊಂಬೆಯ ಕಣ್ಣು ನೆಟ್ಟಗಿದ್ದದ್ದೇ ಕಷ್ಟವಾಯಿತು

ಫೋಟೊ ತೆಗೆಯುತ್ತೇವೆ ಎಂದರೆ ಸಾಕು, ಯಾರೇ ಆಗಲಿ ಮೊದಲು ಹೋಗುವುದು ಮುಖ ತೊಳೆಯುವುದಕ್ಕೆ. ಚನ್ನಪಟ್ಟಣದ ಶಿವಮ್ಮನವರೂ ಹಾಗೆಯೇ ಮಾಡಿದರು. ಮುಖ ತೊಳೆದು, ಪೌಡರು ಹಚ್ಚಿ, ಮಗಳ ಮದುವೆಯಲ್ಲಿ ಉಟ್ಟಿದ್ದ ರೇಷ್ಮೆ ಸೀರೆಯುಟ್ಟು, ಕನಕಾಂಬರ ಮುಡಿದು ನಗುನಗುತ್ತ ನಮ್ಮೆದುರು ಬಂದು ಕೂತರು. ನಮಗೆ ಬೇಕಿದ್ದದ್ದು ದುಃಖದ ಮುಖ.

ನಮಗೆ ಎಂದರೆ ನನಗೂ ಸಹೋದ್ಯೋಗಿ ಮಂಜುನಾಥನಿಗೂ. ಗೊಂಬೆಗಳಿಗೆ ಬಣ್ಣ ಬಳಿಯುವ ಹೆಂಗಸರಿಗೆ ಕನ್ನಡಕ ಕೊಡಿಸುವ ಪುಟ್ಟ ಟ್ರಸ್ಟೊಂದು ರಾಮನಗರದಲ್ಲಿದೆ; ಅದರ ಪ್ರಚಾರದ ಭಾರ ನಮ್ಮಿಬ್ಬರದು. ಹಿಂದಿನ ಸಲ ನಾನು ದಾನಿಗಳಿಗೆ ನಾಲ್ಕು ಪುಟದ ಮನವಿ ಬರೆದಿದ್ದೆ. ಅದರಲ್ಲಿ ಉಪಮೆ, ರೂಪಕಗಳಿಗೆ ಕೊರತೆಯಿರಲಿಲ್ಲ, ಓದಿದವರಿಗೆ ಮಾತ್ರ ಕೊರತೆಯಿತ್ತು. ಈ ಸಲ ದಾನಿಗಳೇ ಹೇಳಿಕಳಿಸಿದರು: ಬರವಣಿಗೆ ಬೇಡ, ಚಿತ್ರದಲ್ಲಿ ಕಥೆ ಹೇಳಿ; ಮನಸ್ಸಿಗೆ ತಟ್ಟಿದರೆ ಶಿವಮ್ಮನವರ ಬೀದಿಯ ಎಲ್ಲ ಹೆಂಗಸರಿಗೂ ಕನ್ನಡಕ, ಇಲ್ಲದಿದ್ದರೆ ಇಲ್ಲ. ಮಂಜುನಾಥ ಬೆಂಗಳೂರಿಗೆ ಹೋಗಿ ಎರಡು ದಿನದ ತರಬೇತಿ ಪಡೆದು ಬಂದ. ಎರಡೇ ಚಿತ್ರ ಸಾಕು ಎಂದು ಕಲಿಸಿದ್ದರಂತೆ: ಕನ್ನಡಕಕ್ಕೆ ಮುಂಚೆ, ಕನ್ನಡಕದ ನಂತರ.

ಮುಂಚಿನ ಚಿತ್ರದಲ್ಲಿ, ಹತ್ತಿರದ್ದೆಲ್ಲ ಮಸುಕಾಗಿ ಕಾಣುವ ಶಿವಮ್ಮನವರು ಗೊಂಬೆಯ ಕಣ್ಣನ್ನು ಸೊಟ್ಟಗೆ ಬರೆಯಬೇಕಿತ್ತು. ಅವರು ಬ್ರಷ್ಷು ಅದ್ದಿ, ಬೀದಿಯ ಕಡೆ ನೋಡುತ್ತಲೇ ಎರಡು ಚುಕ್ಕೆ ಇಟ್ಟರು. ಗೊಂಬೆ ನೆಟ್ಟಗೆ ನಮ್ಮನ್ನೇ ನೋಡಿತು.

"ಒಂಚೂರು ತಪ್ಪಾಗಿ ಬರೀರಮ್ಮ," ಎಂದ ಮಂಜುನಾಥ.

"ಬೇಕಂತ ತಪ್ ಮಾಡಾಕೆ ನಂಗೇನ್ ಹುಚ್ಚಾ? ನಂಗ್ ಕಾಣ್ದಿದ್ರೂ ಕೈಗ್ ಗೊತ್ತೈತೆ."

"ಹೋಗ್ಲಿ, ಮುಖವನ್ನಾದ್ರೂ ಒಸಿ ಸಪ್ಪಗೆ ಮಾಡ್ಕಳಿ."

"ಯಾಕೆ, ಯಾರ್ ಸತ್ತವ್ರೆ ಈಗ?"

ನೀವೇ ಹೇಳಿ ಸ್ನೇಹಿತರೇ, ಎಂಥ ವಿಚಿತ್ರ ಬೇಡಿಕೆ ನಮ್ಮದು! ಚೆನ್ನಾಗಿ ಕಾಣಬೇಕೆಂಬ ಆಸೆ ನಮಗೆಲ್ಲ ಇದೆ. ನೆರವು ಬೇಕೆನ್ನುವವರು ಮಾತ್ರ ಕೆಟ್ಟದಾಗಿ ಕಾಣಬೇಕು. ದೈನ್ಯವೇ ಬೇಕಿದ್ದರೆ ನನ್ನ ಆಧಾರ್ ಕಾರ್ಡಿನ ಚಿತ್ರವನ್ನೇ ಕಳಿಸಬಹುದಿತ್ತು. ಕನ್ನಡಕವೇನು, ಅನ್ನ ಬಟ್ಟೆಯೂ ಬರುತ್ತಿತ್ತು.

ಎರಡನೆಯ ಚಿತ್ರಕ್ಕೆಂದು ಕನ್ನಡಕ ಕೊಟ್ಟೆವು. ಅದನ್ನು ಹಾಕಿಕೊಂಡ ಶಿವಮ್ಮನವರು ಮೊದಲು ನೋಡಿದ್ದು ಎದುರಿಗೇ ಬಗ್ಗಿ ನಿಂತಿದ್ದ ಮಂಜುನಾಥನನ್ನು. "ಅಯ್ಯೋ ಮಂಜಣ್ಣ, ನೀವು ಇಷ್ಟೊಂದ್ ವಯಸ್ಸಾದೋರಾ? ನಾನ್ ಹುಡ್ಗ ಅನ್ಕಂಡಿದ್ದೆ!" ಇನ್ನೂ ನಲವತ್ತು ತುಂಬದ ಮಂಜುನಾಥ ಕ್ಯಾಮೆರಾದ ಹಿಂದೆ ಮುಖ ಮರೆಸಿಕೊಂಡ.

ಆಮೇಲೆ ಅವರು ಗೊಂಬೆ ಹಿಡಿದರು. ಇಷ್ಟು ವರ್ಷ ತನ್ನ ಪಾಡಿಗೆ ತಾನಿದ್ದ ಕೈಗೆ ಈಗ ಕಣ್ಣು ಬುದ್ಧಿ ಹೇಳಲು ಶುರುಮಾಡಿತು. ಕೈ ತಡವರಿಸಿತು, ಗೊಂಬೆಗೆ ಮೆಳ್ಳೆಗಣ್ಣು ಬಂತು. ಎರಡು ಕಣ್ಣೂ ಅದರ ಮೂಗಿನ ತುದಿಯನ್ನೇ ನೋಡುತ್ತಿದ್ದವು.

ಮಂಜುನಾಥ ನನ್ನ ಕಿವಿಯಲ್ಲಿ ಹೇಳಿದ: "ಮೇಡಂ, ಎರಡು ಫೋಟೊನೂ ಹಿಂದುಮುಂದು ಮಾಡ್ಬುಡಾಣ. ಯಾರಿಗ್ ಗೊತ್ತಾಯ್ತದೆ?"

ನಿಜ ಹೇಳಿಬಿಡುತ್ತೇನೆ, ನನ್ನ ಮನಸ್ಸೂ ಆ ಕಡೆಗೇ ಜಾರಿತ್ತು. ಆದರೆ ಶಿವಮ್ಮನವರ ಕಿವಿ ಚುರುಕು. "ನಂಗ್ ಗೊತ್ತಾಯ್ತದೆ! ಕೆಟ್ಟಿದ್ದು ಕನ್ನಡ್ಕ ಹಾಕಂಡ್ ಮೇಲೆ ಅಂತ್ಲೇ ಹಾಕಿ. ನಾಕ್ ದಿನ ಬುಡಿ, ಸರೋಯ್ತದೆ," ಎಂದವರು ಗೊಂಬೆಯನ್ನು ಮುಖದ ಹತ್ತಿರ ತಂದು ದಿಟ್ಟಿಸಿ, ತಾವೂ ಮೆಳ್ಳೆಗಣ್ಣು ಮಾಡಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುವಿನ ಭರಕ್ಕೆ ಕನ್ನಡಕ ಮೂಗಿನ ತುದಿಗೆ ಇಳಿಯಿತು. ನಾನು ಫೋನೆತ್ತಿ ಒಂದು ಚಿತ್ರ ತೆಗೆದೆ.

ಅದೊಂದನ್ನೇ ಕಳಿಸಿದೆವು, ಕೆಳಗೆ ‘ಕೆಟ್ಟಿದ್ದು ಕನ್ನಡ್ಕ ಹಾಕಂಡ್ ಮೇಲೆ; ನಾಕ್ ದಿನ ಬುಡಿ, ಸರೋಯ್ತದೆ’ ಎಂಬ ಅವರ ಮಾತನ್ನೇ ಬರೆದು. ಮೂರು ದಿನ ನನಗೆ ಊಟ ರುಚಿಸಲಿಲ್ಲ. ನನ್ನ ಪ್ರಾಮಾಣಿಕತೆಗಾಗಿ ಒಂದು ಬೀದಿಯ ಕನ್ನಡಕ ಹೋಯಿತಲ್ಲ ಎಂದು ಕೊರಗಿದೆ. ನಾಲ್ಕನೆಯ ದಿನ ದಾನಿಗಳಿಂದ ಉತ್ತರ ಬಂತು: ಎಲ್ಲರಿಗೂ ಕನ್ನಡಕ. ಜೊತೆಗೆ ಒಂದು ವಿನಂತಿ: ನಮ್ಮ ಆಫೀಸಿನ ಮೂವತ್ತೊಂದು ಮಂದಿಗೂ ಅಂಥದ್ದೇ ಮೆಳ್ಳೆಗಣ್ಣಿನ ಗೊಂಬೆ ಬೇಕು.

ನಾವು ಮತ್ತೆ ಹೋಗುವಷ್ಟರಲ್ಲಿ ಶಿವಮ್ಮನವರಿಗೆ ಕನ್ನಡಕ ಒಗ್ಗಿಹೋಗಿತ್ತು. ಹಾಕಿಕೊಂಡು ಬರೆದರೂ ನೆಟ್ಟಗೆ, ತೆಗೆದು ಬರೆದರೂ ನೆಟ್ಟಗೆ. ಹತ್ತು ಗೊಂಬೆಗೆ ಕಣ್ಣು ಬರೆದು ಬೇಸತ್ತ ಅವರು ಬ್ರಷ್ಷನ್ನು ಮಂಜುನಾಥನ ಕೈಗೆ ಕೊಟ್ಟರು. ಅವನು ಉಸಿರು ಬಿಗಿಹಿಡಿದು, ನಾಲಗೆ ಕಚ್ಚಿ, ಜೀವಮಾನದಲ್ಲೇ ಅತಿ ಶ್ರದ್ಧೆಯಿಂದ ಎರಡು ಚುಕ್ಕೆ ಇಟ್ಟ. ಶಿವಮ್ಮನವರು ಗೊಂಬೆಯನ್ನು ಬೆಳಕಿಗೆ ಹಿಡಿದು ಪರೀಕ್ಷಿಸಿ, ತುಂಬು ಮೆಚ್ಚುಗೆಯಿಂದ ತಲೆದೂಗಿದರು.

"ಭೇಷ್ ಮಂಜಣ್ಣ! ನಂಗೂ ಇಷ್ಟ್ ಸೊಟ್ಟಗೆ ಬಂದಿರ್ಲಿಲ್ಲ. ಕೂತ್ಕಳಿ, ಇನ್ನೂ ಮೂವತ್ ಐತೆ."