ಬೂದಿಯೊಳಗಿನ ರಾಗಿ

ತೊಂಬತ್ತರ ದಶಕದ ಕೊನೆಯಲ್ಲಿ, ನಾನು ಎಂ.ಎ. ಓದುತ್ತಿದ್ದಾಗ, ಗವಿಪುರದ ನಮ್ಮ ಮನೆಯ ಹಿತ್ತಿಲೇ ನನ್ನ ಪ್ರಯೋಗಶಾಲೆ. ಉತ್ಖನನದ ಜಾಗದಿಂದ ತಂದ, ಸಾವಿರಾರು ವರ್ಷ ಹಳೆಯ ಬೂದಿಮಣ್ಣನ್ನು ಬಕೆಟ್ ನೀರಿಗೆ ಸುರಿದರೆ ಸುಟ್ಟು ಕರಿಯಾದ ಕಾಳುಗಳು ತೇಲುತ್ತವೆ. ಅವನ್ನು ಸೋಸಿ, ತಟ್ಟೆಗಳಲ್ಲಿ ನೆರಳಿಗೆ ಒಣಗಿಸಿ, ಆ ಕಾಲದವರು ಏನು ಉಣ್ಣುತ್ತಿದ್ದರು ಎಂದು ಹೇಳುವುದೇ ನನ್ನ ಪ್ರಬಂಧ. ತಟ್ಟೆ ಮುಟ್ಟಿದರೆ ನೋಡಿ ಎಂದು ಮನೆಯವರಿಗೆಲ್ಲ ತಾಕೀತು ಮಾಡಿದ್ದೆ. ನನ್ನ ಕೋಪ ಬೀದಿಗೆಲ್ಲ ಗೊತ್ತಿತ್ತು.

ಒಂದು ತಟ್ಟೆಯಲ್ಲಿ ರಾಗಿ ಸಿಕ್ಕಿತು. ಅಷ್ಟು ಹಳೆಯ ಪದರದಲ್ಲಿ ರಾಗಿ ಇದ್ದೀತೆಂದು ಯಾರೂ ಎಣಿಸಿರಲಿಲ್ಲ. ನನಗೆ ಮಾರ್ಗದರ್ಶಕರಾಗಿದ್ದ ಮೇಡಂ ಹಿಗ್ಗಿ ಹೀರೇಕಾಯಿಯಾದರು. ಆ ವರ್ಷದ ಅತ್ಯುತ್ತಮ ವಿದ್ಯಾರ್ಥಿ ಪ್ರಬಂಧದ ಪದಕ ನನಗೇ ಬಂತು.

ಪದಕವನ್ನು ಅಜ್ಜಿಯ ಕೈಗಿಟ್ಟು, ಯಾತಕ್ಕೆ ಬಂತೆಂದು ವಿವರಿಸಿದೆ. ಅಜ್ಜಿ ಅದನ್ನು ತಿರುವಿ ನೋಡಿ ನಕ್ಕಳು.

"ಹಂಗಾದ್ರೆ ನನ್ ರಾಗಿಗೂ ಬಹುಮಾನ ಬಂತು ಅನ್ನು."

"ನಿನ್ ರಾಗೀನಾ?"

"ಅವತ್ತು ಸೆರಗು ತಗುಲಿ ಒಂದ್ ತಟ್ಟೆ ಬಿದ್ಹೋಯ್ತು ಕಣೇ. ಸಿಕ್ಕಷ್ಟು ಎತ್ತಿ ಹಾಕ್ದೆ. ಕಾಳು ಕಮ್ಮಿ ಕಂಡ್ರೆ ನೀನು ಮನೆ ತಲೆ ಮೇಲೆ ಮಾಡ್ತೀಯಲ್ಲ. ಹುರಿಹಿಟ್ಟಿಗೆ ಹುರಿಯೋವಾಗ ಬಾಣಲೇಲಿ ಸೀದಿದ್ದ ರಾಗಿ ಇತ್ತು. ಒಂದ್ ಚಿಟಿಕೆ ಸೇರಿಸ್ದೆ. ಎಲ್ಲಾ ಕರೀ ಕಾಳೇ ಅಲ್ವಾ?"

ನಕ್ಷೆ, ಕೋಷ್ಟಕ, ಅಡಿಟಿಪ್ಪಣಿಗಳ ಸಮೇತ ಇಡೀ ಅಧ್ಯಾಯ ಚಾಮರಾಜಪೇಟೆಯ ಅಂಗಡಿಯಿಂದ ತಂದ ರಾಗಿಯ ಮೇಲೆ ನಿಂತಿತ್ತು! ಅಜ್ಜಿಯ ಕೈಯಿಂದ ಪದಕ ತೆಗೆದುಕೊಂಡು ಒಳಗೆ ಹೋದೆ.

ಮರುದಿನ ಮೇಡಂಗೆ ಎಲ್ಲ ಹೇಳಿದೆ. ಅವರು ಎದ್ದು ಬಾಗಿಲು ಹಾಕಿಬಂದರು.

"ಮನೆಯವ್ರು ಬಿಟ್ಟು ಇನ್ಯಾರಿಗೆ ಗೊತ್ತು?"

"ಯಾರಿಗೂ ಇಲ್ಲ ಮೇಡಂ."

"ಹಾಗಾದ್ರೆ ಸುಮ್ನಿರು. ನಿನ್ ಪಿಎಚ್.ಡಿ. ಸೀಟು ಇದರ ಮೇಲೇ ನಿಂತಿದೆ."

ಅಜ್ಜಿಯ ಮಾತಿಗಿಂತ ಇದೇ ನನ್ನನ್ನು ಹೆಚ್ಚು ಬೆಚ್ಚಿಬೀಳಿಸಿತು. ಹೊರಗಿನ ಒಂದು ಕಾಳು ಬೆರೆತರೂ ಇಡೀ ತಟ್ಟೆಯನ್ನು ಚೆಲ್ಲಿಬಿಡಿ ಎಂದು ಪಾಠ ಹೇಳಿದವರು ಇವರೇ. ಆ ಹೊತ್ತಿನಲ್ಲಿ ಅವರ ಮುಖ ನೋಡಲೂ ನನಗೆ ಹೇಸಿಗೆಯಾಯಿತು. ಅದೇ ವಾರ ಸಮಿತಿಗೆ ಪತ್ರ ಬರೆದು ಪದಕ ಹಿಂತಿರುಗಿಸಿದೆ. ಸೀಟು ಕೈತಪ್ಪಿತು. ಮೇಡಂ ಮತ್ತೆ ನನ್ನೊಡನೆ ಮಾತಾಡಲಿಲ್ಲ.

ಅಜ್ಜಿಗೆ ಪಕ್ಕದ ಮನೆಯವರಿಗೆ ಪದಕ ತೋರಿಸುವ ಆಸೆ.

"ಎಲ್ಲಿಟ್ಟಿದೀಯೇ?"

"ಪ್ರಬಂಧದಲ್ಲಿ ತಪ್ಪಿತ್ತು ಅಜ್ಜಿ. ವಾಪಸ್ ಕೊಟ್ಬಿಟ್ಟೆ."

ಅವಳ ಮುಖ ಸಪ್ಪಗಾಯಿತು. "ಯಾರ್ದೇ ತಪ್ಪು?" ಎಂದು ಕೇಳಿ, ಬೈಗುಳಕ್ಕೆ ಕಾಯುವವಳಂತೆ ನನ್ನನ್ನೇ ನೋಡುತ್ತಾ ನಿಂತಳು. ಎಂಬತ್ತು ದಾಟಿದ ಮುದುಕಿ ನನಗೆ ಹೆದರಿ ಬಾಣಲೆ ಕೆರೆದಿದ್ದಳು ಎಂಬುದು ನನಗೆ ಆಗ ನಾಟಿತು.

"ನಂದೇ ಅಜ್ಜಿ," ಎಂದೆ.